‘ಮಧ್ಯಂತರ ಸಂಪರ್ಕ ಕಡಿತ’ ಎಂಬ ಪ್ರಯೋಗ ಸರಿಯೇ?

ವಿರಾಜಪೇಟೆಯ ಪುಟ್ಟ ಕಚೇರಿಯೊಂದರಲ್ಲಿ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿರುವ ಕಂಪ್ಯೂಟರೊಂದನ್ನು ನೋಡಿಕೊಳ್ಳುವ ನಾನು, ಅದರ ನೆಟ್‌ವರ್ಕ್ ಕಾರ್ಡ್ ಕೈಕೊಟ್ಟಾಗ ಸಿಬ್ಬಂದಿ ಏನೇನು ಪರೀಕ್ಷಿಸಬೇಕೆಂದು ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ಇಂಟರ್‌ಮಿಟೆಂಟ್’ ಎನ್ನುವ, ಅಂದರೆ ಆಗಾಗ ಬಂದು ಹೋಗುವ ದೋಷಕ್ಕೆ ಸರಿಯಾದ ಪದ ಸಿಗದೆ ಬರವಣಿಗೆ ಅಲ್ಲೇ ನಿಂತಿದೆ.

ನಾನು ನೋಡಿದ ಒಂದು ಅನುವಾದದಲ್ಲಿ ‘ಮಧ್ಯಂತರ ಸಂಪರ್ಕ ಕಡಿತ’ ಎಂದಿತ್ತು. ಮಧ್ಯಂತರ ಆದೇಶ, ಮಧ್ಯಂತರ ಪರಿಹಾರ ಎನ್ನುವಾಗ ಅಂತಿಮವಾದದ್ದು ಬರುವ ತನಕದ ವ್ಯವಸ್ಥೆ ಎಂಬ ಅರ್ಥವಿದೆಯೇ ಹೊರತು ಆಗಾಗ ಬಂದು ಹೋಗುವುದೆಂಬ ಅರ್ಥವಿಲ್ಲ. ‘ಸಂಪರ್ಕ ಕಡಿತ’ವಂತೂ ಕರೆಂಟ್ ಬಿಲ್ ಕಟ್ಟದವರ ಮನೆಗೆ ಲೈನ್‌ಮನ್ ಬಂದು ಮಾಡುವ ಕೆಲಸ, ಅಲ್ಲಿ ಕಡಿಯುವವನೊಬ್ಬ ಇರಲೇಬೇಕು.

ಪದದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಕಳೆದ ಮಳೆಗಾಲದಲ್ಲಿ ಸಹೋದ್ಯೋಗಿಯೊಬ್ಬರು ‘ಕಾರ್ಡ್ ಕೆಟ್ಟಿದೆ’ ಎಂದು ಪುಸ್ತಕದಲ್ಲಿ ಬರೆದಿಟ್ಟರು, ನಾವು ಅದನ್ನೇ ನಂಬಿ ಹೊಸ ಕಾರ್ಡ್ ಹಾಕಿಸಿದೆವು, ದೋಷ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಲಿನಕ್ಸಿನ ತಿರುಳು ಬರೆದಿಡುವ ದಾಖಲೆಯಾದ ಕರ್ನೆಲ್ ಲಾಗ್ ತೆರೆದರೆ ‘ಲಿಂಕ್ ಈಸ್ ಡೌನ್’ (ಕೇಬಲಿನ ಸಂಪರ್ಕ ತಪ್ಪಿದೆ), ಮೂರು ಸೆಕೆಂಡಿಗೆ ‘ಲಿಂಕ್ ಈಸ್ ಅಪ್’, ಮತ್ತೆ ಡೌನ್ ಎಂದು ಪುಟಗಟ್ಟಲೆ ಸಾಲುಗಳಿದ್ದವು. ಎದ್ದಾಗಲೆಲ್ಲ ವೇಗ 1000 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಇರದೆ 100ಕ್ಕೆ ಇಳಿದಿರುತ್ತಿತ್ತು. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗಕ್ಕೆ ಕೇಬಲಿನ 4 ಜೋಡಿ ತಂತಿಗಳೂ ಬೇಕು, 100ಕ್ಕೆ 2 ಜೋಡಿ ಸಾಕು. ಹಾಗಾಗಿ ಅನುಮಾನ ಕೇಬಲಿನ ಕಡೆ ತಿರುಗಿತು. ಕಿಟಕಿಯ ಬದಿಯಲ್ಲಿದ್ದ ಪ್ಲಗ್ಗಿನ ಕ್ಲಿಪ್ ಮುರಿದಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ‘ಕೆಟ್ಟಿದೆ’ ಎಂಬುದರ ಬದಲು ‘ಬಿಟ್ಟು ಬಿಟ್ಟು ತಪ್ಪುತ್ತಿದೆ’ ಎಂದು ಬರೆದಿದ್ದರೆ ನಾವು ಮೊದಲು ಕೇಬಲನ್ನೇ ಅಲುಗಾಡಿಸಿ ನೋಡುತ್ತಿದ್ದೆವೇನೋ.

ಮಳೆಗೂ ಜ್ವರಕ್ಕೂ ನಾವು ಬಳಸುವ ಈ ‘ಬಿಟ್ಟು ಬಿಟ್ಟು’ ನನಗೆ ಒಪ್ಪಿಗೆಯಾಗಿದೆ. ಆದರೆ ಕೋಷ್ಟಕದ ತಲೆಬರಹಕ್ಕೆ ಒಂದು ನಾಮಪದ ಬೇಕಲ್ಲ! ಲಿಂಕ್ ಹೀಗೆ ಪದೇ ಪದೇ ಬಿದ್ದೇಳುವುದನ್ನು ಇಂಗ್ಲಿಷಿನವರು ‘ಫ್ಲ್ಯಾಪಿಂಗ್’ ಎಂದು ರೆಕ್ಕೆ ಬಡಿತಕ್ಕೆ ಹೋಲಿಸುತ್ತಾರೆ; ಗಾಳಿಗೆ ಸಿಕ್ಕ ದೀಪವನ್ನು ನೆನೆದು ‘ಲಿಂಕ್ ಹೊಯ್ದಾಟ’ ಎಂದು ನಾನು ಬರೆದುಕೊಂಡಿದ್ದೇನೆ. ದೀಪ ಹೊಯ್ದಾಡಿದರೂ ಆರುವುದಿಲ್ಲ, ಲಿಂಕ್ ಪೂರ್ತಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ಆಕ್ಷೇಪ ನನಗೇ ಇದೆ. ‘ಕೊಂಡಿ’ ಎಂದರೆ ನಮ್ಮ ಸಿಬ್ಬಂದಿ ಜಾಲತಾಣದ ಕೊಂಡಿ ಎಂದೇ ತಿಳಿಯುವುದರಿಂದ ಅದನ್ನು ಬಿಟ್ಟು ‘ಲಿಂಕ್’ ಎಂದೇ ಉಳಿಸಿದ್ದೇನೆ.

ನೆಟ್‌ವರ್ಕಿನಲ್ಲಿ ಮಾಹಿತಿ ಪ್ಯಾಕೆಟ್ ಎಂಬ ತುಣುಕುಗಳಾಗಿ ಸಾಗುತ್ತದೆ; ಇನ್ನೊಂದು ತೊಡಕು ‘ಡ್ರಾಪ್ಡ್’ ಪ್ಯಾಕೆಟ್‌ಗಳದು. ಕಾಫಿ ಕಾಯಿ ಉದುರುವ ಊರಿನವನಾದ್ದರಿಂದ ಮೊದಲು ‘ಉದುರಿದ ಪ್ಯಾಕೆಟ್’ ಎಂದು ಬರೆದೆ. ಕಾಯಿ ತಾನಾಗಿ ಉದುರುತ್ತದೆ; ಇಲ್ಲಿ ಹಾಗಲ್ಲ, ಬಂದದ್ದನ್ನು ತಾತ್ಕಾಲಿಕವಾಗಿ ಇಡುವ ಬಫರಿನಲ್ಲಿ ಜಾಗವಿಲ್ಲದೆಯೋ ಬೇರೆ ಕಾರಣಕ್ಕೋ ಬಂದ ಪ್ಯಾಕೆಟನ್ನು ವ್ಯವಸ್ಥೆಯೇ ಬಿಟ್ಟುಬಿಡುತ್ತದೆ. ದಾರಿಯಲ್ಲಿ ಕೆಟ್ಟು ಬಂದವುಗಳ ಲೆಕ್ಕ ‘ಎರರ್ಸ್’ ಎಂಬ ಬೇರೆ ಕಲಂನಲ್ಲಿರುತ್ತದೆ. ಆದ್ದರಿಂದ ಇವನ್ನು ‘ಕೈಬಿಟ್ಟವು’, ‘ಕೆಟ್ಟು ಬಂದವು’ ಎಂದು ಬೇರ್ಪಡಿಸಿದ್ದೇನೆ.

ಈ ಜೋಡಿ ನಿಮಗೆ ಸರಿಯೆನಿಸುತ್ತದೆಯೇ? ಆರಿ ಹೊತ್ತುವ, ಬಿದ್ದೇಳುವ ಎರಡು ಸ್ಥಿತಿಯನ್ನೂ ಒಳಗೊಳ್ಳುವ, ‘ಹೊಯ್ದಾಟ’ಕ್ಕಿಂತ ಬಿಗಿಯಾದ ನಾಮಪದ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ.