ಪದಚರ್ಚೆ: ‘ಕ್ವಿಲ್ಟೆಡ್ ಬ್ಯಾಗ್’ ಅನ್ನೋದಕ್ಕೆ ಬೋರ್ಡಿನ ಮೇಲೆ ಏನು ಬರೆಸಲಿ?

ಕಲಬುರಗಿಯಿಂದ, ಕೇಳಿಕೆ

ಎಲ್ಲರಿಗೂ ಶರಣು.

ಅರ್ಜೆಂಟಾಗಿ ಒಂದು ಪದ ಬೇಕಾಗಿದೆ. ನಾವು ಮೂವರು ಗೆಳತಿಯರು ಬಿಡುವಿನ ಹೊತ್ತಿನಲ್ಲಿ ಬಟ್ಟೆಯ ಚೀಲ, ಹೊದಿಕೆ ಹೊಲಿಯುತ್ತೇವೆ. ಅಪ್ಪನ (ಶರಣಬಸವೇಶ್ವರರ) ಜಾತ್ರೆಯಲ್ಲಿ ಈ ಸಲ ಸಣ್ಣದೊಂದು ಅಂಗಡಿ ಹಾಕುತ್ತಿದ್ದೇವೆ. ಬೋರ್ಡಿನ ಬರಹ ಶುಕ್ರವಾರದೊಳಗೆ ಕೊಡಿ ಅಂತ ಪೇಂಟರ್ ಹೇಳಿದ್ದಾರೆ.

ವಸ್ತು ಹೇಗಿದೆ ಅಂತ ಹೇಳುತ್ತೇನೆ. ಮೇಲೆ ಬಣ್ಣಬಣ್ಣದ ತುಂಡುಗಳು: ಹಳೆ ಇಳಕಲ್ ಸೀರೆಯ ಸೆರಗು, ಖಣ, ದರ್ಜಿ ಅಂಗಡಿಯ ಕಟ್‌ಪೀಸು. ನಡುವೆ ತೆಳ್ಳಗಿನ ಫೋಮ್. ಒಳಗೆ ಅಸ್ತರ. ಮೂರನ್ನೂ ಸೇರಿಸಿ ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತೇವೆ. ಸಾಲಿನ ನಡುವೆ ಬಟ್ಟೆ ಸ್ವಲ್ಪ ಉಬ್ಬುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಕ್ವಿಲ್ಟಿಂಗ್ ಅನ್ನುತ್ತಾರೆ. ತುಂಡು ಜೋಡಿಸುವುದಕ್ಕೆ ಪ್ಯಾಚ್‌ವರ್ಕ್ ಅನ್ನುತ್ತಾರೆ.

ಬೋರ್ಡಿನಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು ಅಂತ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದಲ್ವಾ. ‘ಕ್ವಿಲ್ಟೆಡ್ ಹ್ಯಾಂಡ್‌ಮೇಡ್ ಬ್ಯಾಗ್ಸ್’ ಅಂತ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು ಅಂತ ಪೇಂಟರ್ ಸಲಹೆ. ಮನಸ್ಸು ಒಪ್ಪಲಿಲ್ಲ. ಹಳೆ ಬಟ್ಟೆ ಪದರ ಪದರವಾಗಿ ಹಾಸಿ ಹೊಲಿಯುವ ಹೊದಿಕೆಯ ಹೆಸರು ಹಿಡಿದು ಕೌದಿ ಅನ್ನೋಣ ಅಂದರೆ, ಹಳೆ ಬಟ್ಟೆ ಅಂತ ಗಿರಾಕಿ ಮುಂದೆ ಹೋಗ್ತಾರೆ ಅಂತ ಒಬ್ಬ ಗೆಳತಿಯ ಹೆದರಿಕೆ. ಏನು ಮಾಡಲಿ?


ಬೀದರ್‌ನಿಂದ

ಮೇಡಂ, ಕೌದಿ. ಅನುಮಾನವೇ ಬೇಡ.

ಧಾತು ‘ಕವಿ’. ಮೋಡ ಕವಿಯುತ್ತದೆ, ಕತ್ತಲೆ ಕವಿಯುತ್ತದೆ. ಮೈ ಮೇಲೆ ಕವಿಯುವುದು ಕವುದಿ, ಆಡುಮಾತಿನಲ್ಲಿ ಕೌದಿ. ಅಪ್ಪಟ ಕನ್ನಡ. ಹೊಲಿಗೆಯೂ ಅಷ್ಟೇ, ಹಳಗನ್ನಡದ ‘ಪೊಲಿ’ಯಿಂದ ಬಂದದ್ದು. ವಸ್ತುವಿಗೆ ‘ಕೌದಿ ಚೀಲ’, ಕೆಲಸಕ್ಕೆ ‘ಪದರಹೊಲಿಗೆ’, ಪ್ಯಾಚ್‌ವರ್ಕಿಗೆ ‘ತುಂಡುಜೋಡಣೆ’.

‘ಕ್ವಿಲ್ಟ್ ಚೀಲ’ ಮಾತ್ರ ಬರೆಸಬೇಡಿ. ಅರಿಸಮಾಸ.


ಸೇಡಂನಿಂದ

ಕೌದಿ ‘ಕವಿ’ಯಿಂದ ಬಂತು ಅಂತ ಹೇಳುವವರು ‘ದಿ’ ಯಾವ ಪ್ರತ್ಯಯ ಅಂತಲೂ ಹೇಳಬೇಕು. ಅದೇ ಪ್ರತ್ಯಯ ಹಚ್ಚಿದ ಇನ್ನೆರಡು ಪದ ತೋರಿಸಿ. ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಇಂಥದ್ದೇ ಹೊದಿಕೆಗೆ ‘ಕವಂದಿ’ ಅನ್ನುತ್ತಾರೆ. ಆ ಅನುಸ್ವಾರಕ್ಕೆ ನಿಮ್ಮ ‘ಕವಿ’ಯಲ್ಲಿ ಜಾಗ ಎಲ್ಲಿದೆ? ಧಾತು ಸಿಕ್ಕಿತು ಅಂತ ಖುಷಿಪಡುವ ಮೊದಲು ಇದನ್ನು ನೋಡಬೇಕಿತ್ತು.

ಅರಿಸಮಾಸದ ಮಾತೂ ಇಲ್ಲಿ ಸಲ್ಲ. ಅದು ಸಂಸ್ಕೃತ, ಕನ್ನಡ ಬೆರೆಸುವ ಬಗ್ಗೆ ಇರುವ ಕಟ್ಟಳೆ. ಇಂಗ್ಲಿಷಿಗೆ ಎಳೆಯಬೇಡಿ.

ನಮ್ಮಲ್ಲಿ ಬೊಂತೆ ಅನ್ನುತ್ತೇವೆ. ತೆಲುಗಿನಲ್ಲಿ ಬೊಂತ. ಗಡಿಯವರ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ‘ಕಂತೆಗೆ ತಕ್ಕ ಬೊಂತೆ’ ಅನ್ನೋ ಗಾದೆ ಎಲ್ಲ ಕಡೆ ಇದೆ. ಕಲ್ಯಾಣಕ್ಕೆ ಬಂದ ಶರಣೆಯರಲ್ಲಿ ಬೊಂತಾದೇವಿ ಇದ್ದಾಳೆ. ಅರಮನೆ ಬಿಟ್ಟು ಬಂದವಳು ಬೊಂತೆ ಹೊದ್ದಿದ್ದಕ್ಕೇ ಆ ಹೆಸರು ಬಂತು ಅನ್ನುತ್ತದೆ ಕಥೆ. ಇಷ್ಟು ಹಳೆಯ, ಇಷ್ಟು ಮರ್ಯಾದೆಯ ಪದ ಇರುವಾಗ ಬೇರೆ ಯಾಕೆ? ‘ಬೊಂತೆ ಚೀಲ’ ಅಂತ ಬರೆಸಿ.


ಸುರಪುರದಿಂದ

ಅಕ್ಕಾ, ಹೊಲಿಯುವವರ ಕಡೆಯಿಂದ ನಾಲ್ಕು ಮಾತು. ನಾನೂ ಅವ್ವನ ಪಕ್ಕ ಕೂತು ಕೌದಿ ಹೊಲಿದವಳು.

ಕೌದಿಯಲ್ಲಿ ಹತ್ತಿ ಇರಲ್ಲ, ಫೋಮ್ ಅಂತೂ ಇಲ್ಲವೇ ಇಲ್ಲ. ಬರೀ ಅರಿವೆ. ಹಳೆ ಧೋತರ, ಹಳೆ ಸೀರೆ ನೆಲದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಕೈಯಿಂದ ಸವರಿ, ಅದರ ಮೇಲೆ ಇನ್ನೊಂದು ಹಾಸುತ್ತಾರೆ. ಹರಿದಲ್ಲಿ ತೇಪೆ. ಮೇಲಿನ ಪದರಕ್ಕೆ ಮಾತ್ರ ಬಣ್ಣ ನೋಡುತ್ತಾರೆ: ಕೆಂಪು, ಹಸಿರು, ಹಳದಿ. ಆಮೇಲೆ ಉದ್ದನೆಯ ಸೂಜಿ, ದಪ್ಪ ದಾರ. ಹೊಲಿಗೆ ಒಂದು ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತದೆ. ಪ್ರತಿ ಹೊಲಿಗೆಗೂ ಸೂಜಿ ಪೂರ್ತಿ ಎಳೆಯುವುದಿಲ್ಲ. ಸೂಜಿಯ ಮೇಲೇ ನಾಲ್ಕೈದು ಹೊಲಿಗೆ ತುಂಬಿಸಿಕೊಂಡು, ಆಮೇಲೆ ಒಮ್ಮೆಲೇ ಎಳೆಯುವುದು. ಎಡಗೈ ಬಟ್ಟೆಯ ಅಡಿಗೆ ಇರುತ್ತದೆ. ಸೂಜಿ ತುದಿ ಬೆರಳಿಗೆ ತಾಕಿದರೆ ಎಲ್ಲ ಪದರ ದಾಟಿತು ಅಂತ ಅರ್ಥ. ಹೊಸಬರ ಬೆರಳು ಸಂಜೆಗೆ ತೂತು ತೂತಾಗಿರುತ್ತದೆ. ಸಾಲು ಎಷ್ಟು ಒತ್ತಾಗಿದ್ದರೆ ಕೌದಿ ಅಷ್ಟು ಗಟ್ಟಿ. ಕೆರೆಯಲ್ಲಿ ಎಷ್ಟು ಸಲ ಒಗೆದರೂ ಒಳಗಿನ ಬಟ್ಟೆ ಉಂಡೆ ಕಟ್ಟಲ್ಲ.

ರಜಾಯಿ ಬೇರೆ. ಅದಕ್ಕೆ ಪಿಂಜಾರರು ಹಿಂಜಿದ ಹತ್ತಿ ತುಂಬುತ್ತಾರೆ. ಹತ್ತಿ ಒಂದೇ ಕಡೆ ಸರಿಯದಿರಲಿ ಅಂತ ದೂರ ದೂರ ದೊಡ್ಡ ಹೊಲಿಗೆ. ಗಾದಿಯೂ ಹಾಗೇ.

ನಿಮ್ಮ ಚೀಲದಲ್ಲಿ ನಡುವೆ ಫೋಮ್ ಇದೆ. ಅಂದ ಮೇಲೆ ಅದು ಕೌದಿಯಲ್ಲ. ಆದರೆ ಹಾಕಿದ ಹೊಲಿಗೆ ಕೌದಿಯದ್ದೇ. ಅದಕ್ಕೇ ‘ಕೌದಿ ಹೊಲಿಗೆಯ ಚೀಲ’ ಅನ್ನಿ. ಬಟ್ಟೆ ಹೊಸದೋ ಹಳೆಯದೋ ಅನ್ನೋ ಮಾತೇ ಬರಲ್ಲ. ಹೆಸರು ಕೈಕೆಲಸದ್ದು, ಬಟ್ಟೆಯದ್ದಲ್ಲ.

‘ಪದರಹೊಲಿಗೆ’ ನಮ್ಮ ಓಣಿಯಲ್ಲಿ ಯಾರ ಬಾಯಲ್ಲೂ ಇಲ್ಲ ಸರ್. ‘ತುಂಡುಜೋಡಣೆ’ ಓದಿದರೆ ಕಬ್ಬಿಣದ ಅಂಗಡಿ ನೆನಪಾಗುತ್ತದೆ. ನಮ್ಮವರು ‘ಚೂರು ಹಚ್ಚೋದು’ ಅನ್ನುತ್ತಾರೆ.


ಕಲಬುರಗಿಯಿಂದ, ಹೊಲಿಗೆ ಅಂಗಡಿಯವರು

ನನಗೆ ಒಂದು ಅರ್ಥವಾಗಲಿಲ್ಲ. ‘ರಜಾಯಿ ಹೊಲಿಗೆ’ ಅಂದರೆ ಈ ಊರಿನಲ್ಲಿ ತಿಳಿಯದವರು ಯಾರಿದ್ದಾರೆ? ಗಿರಾಕಿಗೆ ಉಬ್ಬು ಕಣ್ಣಿಗೆ ಕಾಣುತ್ತದೆ, ಪದ ಕಿವಿಗೆ ಗೊತ್ತು. ಚೀಲಕ್ಕೆ ಥೈಲಿ ಅನ್ನಿ. ದರ್ಗಾದ ಕಡೆಯಿಂದ ಬರುವವರೂ ನಿಂತು ನೋಡುತ್ತಾರೆ.


ಬೀದರ್‌ನಿಂದ

ರಜಾಯಿ ಕನ್ನಡವಲ್ಲ. ಥೈಲಿಯೂ ಅಲ್ಲ. ಕನ್ನಡ ಪದ ಕೇಳಿದವರಿಗೆ ಕನ್ನಡ ಪದ ಕೊಡಿ.


ಕಲಬುರಗಿಯಿಂದ, ಹೊಲಿಗೆ ಅಂಗಡಿಯವರು

ಸರ್, ಮೇಡಂ ಬರೆದ ‘ಅಸ್ತರ’ ಪಾರಸಿ. ಅದನ್ನು ಯಾಕೆ ತಿದ್ದಲಿಲ್ಲ? ಅಂಗಿಯ ‘ಜೇಬು’ ಅರಬ್ಬಿ. ‘ಕಿಸೆ’ ಅಂದರೂ ಅದೇ ಕಡೆಯದು. ‘ಚಾದರ’ ಪಾರಸಿ, ‘ದರ್ಜಿ’ ಪಾರಸಿ. ‘ಸೂಜಿ’ ಸಂಸ್ಕೃತದ ಸೂಚಿಯಿಂದ ಬಂತು. ‘ಹಚ್ಚಡ’ ಕೇಳಿದರೆ ಎಷ್ಟು ದೇಸಿ ಅನಿಸುತ್ತದೆ, ಅದೂ ‘ಪ್ರಚ್ಛದ’ದ ತದ್ಭವ. ಇವನ್ನೆಲ್ಲ ತೆಗೆದುಹಾಕಿ ಒಂದು ಚೀಲ ಹೊಲಿದು ತೋರಿಸಿ. ಇಂಗ್ಲಿಷಿನವರ ‘ಕ್ವಿಲ್ಟ್’ ಕೂಡ ಲ್ಯಾಟಿನ್ನಿನ ಹಾಸಿಗೆಯ ಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಅವರು ಅದನ್ನು ತಮ್ಮದು ಅಂತಲೇ ಬಳಸುತ್ತಾರೆ.

ತಾಲೂಕು, ಜಿಲ್ಲೆ, ಅರ್ಜಿ ದಿನಾ ಬರೆಯುತ್ತೀರಿ. ರಜಾಯಿ ಬಂದಾಗ ಮಾತ್ರ ಮಡಿ ಯಾಕೆ?


ಬೀದರ್‌ನಿಂದ

ಮಡಿಯ ಮಾತಲ್ಲ ಇದು. ನಮ್ಮ ಜಿಲ್ಲೆಗಳಲ್ಲಿ 1948ರವರೆಗೆ, ನಿಜಾಮನ ಕಾಲದಲ್ಲಿ, ಸರ್ಕಾರದ ಕೆಲಸವೆಲ್ಲ ಉರ್ದುವಿನಲ್ಲಿ ನಡೆಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಅಂತ ನಮ್ಮ ಹಿರಿಯರು ಓದಿದರು. ತಮ್ಮ ಹೊಲದ ಪಹಣಿ ಓದಿಸಿಕೊಳ್ಳೋಕೆ ಇನ್ನೊಬ್ಬರ ಬಾಗಿಲಿಗೆ ಹೋದವರನ್ನು ನಾನು ಬಲ್ಲೆ. ಉರ್ದುವಿನ ಮೇಲೆ ನನಗೆ ಸಿಟ್ಟಿಲ್ಲ, ಓದುತ್ತೇನೆ, ಬರೆಯುತ್ತೇನೆ. ಆದರೆ ಕನ್ನಡ ಪದ ಜೀವಂತ ಇರುವಾಗ ಅದನ್ನು ಪಕ್ಕಕ್ಕೆ ಸರಿಸುವುದು ಬೇರೆ, ಇಲ್ಲದ ಪದ ತರುವುದು ಬೇರೆ. ಅಸ್ತರಕ್ಕೆ ನಮ್ಮಲ್ಲಿ ಪದ ಇರಲಿಲ್ಲ, ಬಂತು, ಇರಲಿ. ಕೌದಿ ಇದೆ. ಹೊದ್ದುಕೊಂಡಿದ್ದೇವೆ.


ಭಾಲ್ಕಿಯಿಂದ

ಸಂಕ್ಷಿಪ್ತವಾಗಿ. ಬೀದರ್ ಸರ್ ಕೊಟ್ಟ ‘ಪದರಹೊಲಿಗೆ’ಯ ‘ಪದರ’ ಮರಾಠಿಯಲ್ಲೂ ಇದೆ, ಅಲ್ಲಿ ಸೆರಗಿಗೂ ಪದರ್ ಅಂತಲೇ ಹೆಸರು. ನಮ್ಮ ತಾಲೂಕಿನಲ್ಲಿ ಕೌದಿಗೆ ಗೋಧಡಿ ಅಂತಲೂ ಚೀಲಕ್ಕೆ ಪಿಶವಿ ಅಂತಲೂ ಕನ್ನಡದವರೇ ಆಡುತ್ತಾರೆ. ಬೀದರ್‌ನಲ್ಲಿ ಕೂತು ಅಪ್ಪಟ ಹುಡುಕುವುದು ವ್ಯರ್ಥ.


ಬೀದರ್‌ನಿಂದ

ಪಿಶವಿ ಬೋರ್ಡಿಗೆ ಬೇಡ. ಎಲ್ಲರಿಗೂ ತಿಳಿಯುವುದಿಲ್ಲ.


ಸೇಡಂನಿಂದ

ನನ್ನ ಪ್ರತ್ಯಯದ ಪ್ರಶ್ನೆಗೆ ಉತ್ತರ ಬರಲಿಲ್ಲ. ಎರವಲಿನ ಜಗಳ ಎಬ್ಬಿಸಿ ಅದನ್ನು ಮುಚ್ಚುವುದು ಸರಿಯಲ್ಲ. ಮೂಲ ತಿಳಿಯದ ಪದ ಅಂತ ಒಪ್ಪಿಕೊಂಡೂ ಬಳಸಬಹುದು. ಬಳಸುವುದಕ್ಕೆ ‘ಅಪ್ಪಟ’ದ ಮುದ್ರೆ ಬೇಕಿಲ್ಲ.

ಸುರಪುರದ ತಂಗಿ ಹೇಳಿದ್ದು ಒಪ್ಪುತ್ತೇನೆ. ಬೊಂತೆಯನ್ನು ಬಿಟ್ಟುಕೊಡುವುದಿಲ್ಲ, ಆದರೆ ಕಲಬುರಗಿಯ ಬೋರ್ಡಿಗೆ ಕೌದಿಯೇ ಆಗಲಿ.


ಕಲಬುರಗಿಯಿಂದ, ಕೇಳಿದವರು

ಎಲ್ಲರಿಗೂ ಕೈಮುಗಿದೆ. ‘ಕೌದಿ ಹೊಲಿಗೆಯ ಚೀಲ’ ಗೆಳತಿಯರಿಗೂ ಹಿಡಿಸಿತು. ಹಳೆ ಬಟ್ಟೆಯ ಹೆದರಿಕೆ ಇದ್ದವಳೇ ಮೊದಲು ಹೂಂ ಅಂದಳು.

ಈಗ ಬೆಲೆಚೀಟಿಗೆ ಸಣ್ಣ ಪದಗಳು ಬೇಕು. ಭುಜಕ್ಕೆ ಹಾಕುವುದು, ಕೈಯಲ್ಲಿ ಹಿಡಿಯುವುದು, ದುಡ್ಡು ಮೊಬೈಲ್ ಇಡುವ ಪುಟ್ಟದು, ಹೀಗೆ ಮೂರು ನಮೂನೆ ಇವೆ. ಜಿಪ್ಪಿಗೆ ಏನೆನ್ನಲಿ? ಹೊರಗೆ ಕಾಣುವ ಬಟ್ಟೆಯ ಅಂಚುಪಟ್ಟಿಗೆ?


ಸುರಪುರದಿಂದ

ಪುಟ್ಟದಕ್ಕೆ ಸಂಚಿ. ಎಲೆಅಡಿಕೆಯ ಸಂಚಿ ಎಲ್ಲರ ಮನೆಯಲ್ಲೂ ಇತ್ತು. ಮಡಿಕೆ ಮಡಿಕೆಯಾಗಿ ಒಳಗೆ ಮೂರ್ನಾಲ್ಕು ಅರೆ, ಬಾಯಿಗೆ ಎಳೆದು ಕಟ್ಟುವ ದಾರ. ನಮ್ಮಲ್ಲಿ ಕೆಲವರು ಚಂಚಿ ಅನ್ನುತ್ತಾರೆ, ಓದುವವರಿಗೆ ಸಂಚಿ ಸಲೀಸು. ಕೈಯಲ್ಲಿ ಹಿಡಿಯುವುದು ಕೈಚೀಲ. ಭುಜಕ್ಕೆ ಹಾಕುವುದು ಬಗಲ ಚೀಲ.

ಜೋಳಿಗೆ ಬೇಡ ಅಕ್ಕಾ. ಜೋಳಿಗೆ ಅಂದರೆ ಜಂಗಮರ ಭಿಕ್ಷೆಯದು, ಮಠದ್ದು. ಅದನ್ನು ಹೊಲಿದು ಕೊಡುತ್ತಾರೆ, ಮಾರಲ್ಲ.

ಜಿಪ್ಪಿಗೆ ಚೈನು. ಅದನ್ನು ಎಳೆಯುವ ಚಿಕ್ಕದಕ್ಕೆ ರನ್ನರ್. ಅಂಗಡಿಯಲ್ಲಿ ಕೇಳುವುದೇ ಹೀಗೆ, ಬೇರೆ ಪದ ಕಟ್ಟುವುದು ಬೇಡ. ಅಂಚುಪಟ್ಟಿ ನೀವೇ ಬರೆದಿದ್ದೀರಲ್ಲ, ಅದೇ ಸಾಕು.


ಬೀದರ್‌ನಿಂದ

‘ಬಗಲ’ ಪಾರಸಿ. ಹೆಗಲ ಚೀಲ ಅನ್ನಿ.


ಸುರಪುರದಿಂದ

ಹೆಗಲಿಗೆ ಹಾಕಿದರೂ ಚೀಲ ತೂಗುವುದು ಬಗಲಲ್ಲಿ ಸರ್. ಅದಕ್ಕೇ ಆ ಹೆಸರು.


ಕಲಬುರಗಿಯಿಂದ, ಹೊಲಿಗೆ ಅಂಗಡಿಯವರು

ಬಗಲ ಚೀಲ ಸರಿ. ಮತ್ತೊಂದು ಕೆಲಸದ ಮಾತು ಮೇಡಂ. ಬಗಲ ಚೀಲದ ಪಟ್ಟಿಗೆ ಬರೀ ಕೈಹೊಲಿಗೆ ನಂಬಬೇಡಿ, ಭಾರ ಬಿದ್ದಾಗ ಬಿಚ್ಚುತ್ತದೆ. ಪಟ್ಟಿಯೊಳಗೆ ಬಕ್ರಂ ಅನ್ನೋ ಗಡುಸು ಬಟ್ಟೆ ಇಟ್ಟು, ಬುಡದಲ್ಲಿ ಚೌಕ ಹೊಲಿದು, ಚೌಕದೊಳಗೆ ಅಡ್ಡಡ್ಡ ಎರಡು ಗೆರೆ ಮಷೀನ್ ಹೊಲಿಗೆ ಹಾಕಿ. ಚೀಟಿಯ ಮೇಲೆ ‘ಪೂರ್ತಿ ಕೈಹೊಲಿಗೆ’ ಅಂತ ಬರೆಯುವ ಮುಂಚೆ ಇದು ನೆನಪಿರಲಿ.


ಕಲಬುರಗಿಯಿಂದ, ಕೇಳಿದವರು

ಒಳ್ಳೆಯದಾಯಿತು ಅಣ್ಣಾ. ‘ಪೂರ್ತಿ’ ತೆಗೆದೆ. ಪೇಂಟರಿಗೆ ಕಳಿಸಿದ್ದು ಇಷ್ಟು:

ಕೌದಿ ಹೊಲಿಗೆಯ ಚೀಲಗಳು
ಕೈಚೀಲ, ಬಗಲ ಚೀಲ, ಸಂಚಿ
ಹೊದಿಕೆಗಳನ್ನೂ ಹೊಲಿದು ಕೊಡುತ್ತೇವೆ

ಬೀದರ್ ಸರ್, ಕೂಸಿನ ಹೊದಿಕೆ ಮಾತ್ರ ಹಳೆ ಧೋತರ ಸೀರೆಗಳನ್ನೇ ಹಾಸಿ, ಫೋಮ್ ಇಲ್ಲದೆ ಹೊಲಿದಿದ್ದೇವೆ. ಅದರ ಚೀಟಿಗೆ ಬರೀ ‘ಕೌದಿ’ ಅಂತ ಬರೆಸುತ್ತಿದ್ದೇನೆ.


ಬೀದರ್‌ನಿಂದ

ಸರಿ. ಜಾತ್ರೆಗೆ ಬರುತ್ತೇನೆ, ಒಂದು ತೆಗೆದಿಡಿ. ಪ್ರತ್ಯಯದ ವಿಷಯ ಸೇಡಂನವರಿಗೆ ಬೇರೆಯಾಗಿ ಬರೆಯುತ್ತೇನೆ.