ಬಿಸಿ ಹವೆಯಲ್ಲಿ ಹಿತ್ತಲಿನ ಅಕ್ವಾಪೋನಿಕ್ಸ್: ಕಾಯುವ ನೀರನ್ನು ಹೇಗೆ ನಿಭಾಯಿಸಬೇಕು?

ಪ್ರಶ್ನೆ

ನಮ್ಮ ಹಿತ್ತಲಿನಲ್ಲಿ 1000 ಲೀಟರಿನ ಒಂದು ತೊಟ್ಟಿಯಿಟ್ಟು ಮೀನು ಸಾಕಿ, ಅದೇ ನೀರನ್ನು ಜಲ್ಲಿ ತುಂಬಿದ ಮಡಿಗಳಿಗೆ ಹಾಯಿಸಿ ಸೊಪ್ಪು, ತರಕಾರಿ ಬೆಳೆಯಬೇಕೆಂದಿದ್ದೇನೆ. ಮೀನಿನಿಂದ ನೀರಿಗೆ ಸೇರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ, ಆ ನೈಟ್ರೇಟನ್ನು ಗಿಡಗಳು ಹೀರಿಕೊಳ್ಳುತ್ತವೆ ಎಂಬಷ್ಟನ್ನು ಓದಿ ತಿಳಿದಿದ್ದೇನೆ. ಆದರೆ ನನಗೆ ಸಿಕ್ಕ ವಿವರಣೆಗಳಲ್ಲಿ ಹೆಚ್ಚಿನವು ತಂಪು ಪ್ರದೇಶದವರು ಬರೆದವು. ನೀರನ್ನು ಬೆಚ್ಚಗಿಡುವುದು ಹೇಗೆ ಎಂಬುದೇ ಅವರ ಚಿಂತೆ. ನಾನಿರುವಲ್ಲಿ ವರ್ಷದ ನಾಲ್ಕೈದು ತಿಂಗಳು ಹಗಲಿನ ಉಷ್ಣಾಂಶ 35 ಡಿಗ್ರಿ ದಾಟುತ್ತದೆ, ವಿದ್ಯುತ್ತೂ ಆಗಾಗ ಹೋಗುತ್ತದೆ. ಇಂಥ ಹವೆಗೆ ಯಾವ ಮೀನು ತಕ್ಕದ್ದು, ಎಷ್ಟು ಮೀನಿಗೆ ಎಷ್ಟು ಮಡಿ ಬೇಕು, ಬೇಸಗೆಯಲ್ಲಿ ನೀರು ಕಾಯದಂತೆ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಬಿಸಿ ಹವೆ ನಿಮಗೆ ಪೂರ್ತಿಯಾಗಿ ವಿರೋಧಿಯಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾಗಳು 25ರಿಂದ 30 ಡಿಗ್ರಿಯ ನೀರಿನಲ್ಲಿ ಚುರುಕಾಗಿ ಕೆಲಸ ಮಾಡುತ್ತವೆ. ತಿಲಾಪಿಯಾ ಮೀನು ಚೆನ್ನಾಗಿ ಬೆಳೆಯುವುದೂ ಹೆಚ್ಚುಕಡಿಮೆ ಇದೇ ಉಷ್ಣಾಂಶದಲ್ಲಿ. ನಿಜವಾದ ತೊಂದರೆ ಇರುವುದು ಆಮ್ಲಜನಕದಲ್ಲಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ, 35 ಡಿಗ್ರಿಯಲ್ಲಿ 7ರ ಆಸುಪಾಸಿಗೆ ಇಳಿಯುತ್ತದೆ. ನೀರು ಬಿಸಿಯಾದಂತೆ ಮೀನಿನ ಉಸಿರಾಟ ಮಾತ್ರ ಏರುತ್ತದೆ. ಮೀನು, ಬೇರು, ಬ್ಯಾಕ್ಟೀರಿಯಾ ಮೂರೂ ಒಂದೇ ಬಟ್ಟಲಿನಿಂದ ಉಸಿರಾಡುವ ವ್ಯವಸ್ಥೆ ಇದು. ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಮೂರಕ್ಕೂ ಕ್ಷೇಮ.

ಆದ್ದರಿಂದ ನೀರೆತ್ತುವ ಪಂಪಿನ ಜೊತೆಗೆ, ಬ್ಯಾಟರಿಯಿಂದಲೂ ನಡೆಯುವ ಒಂದು ಏರ್ ಪಂಪನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಹಣ ಉಳಿಸಲು ಮಡಿಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು, ಇದನ್ನು ಬಿಡುವಂತಿಲ್ಲ.

ಲೆಕ್ಕವನ್ನು ಮೀನಿನ ಸಂಖ್ಯೆಯಿಂದ ಹಾಕಬೇಡಿ, ದಿನಕ್ಕೆ ಹಾಕುವ ಆಹಾರದಿಂದ ಹಾಕಿ. ಸೊಪ್ಪಿನ ಮಡಿಯ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಎಂಬುದು ಸಣ್ಣ ಪ್ರಮಾಣದವರಿಗೆ ಒಪ್ಪುವ ಅಂದಾಜು. ಕಾಯಿ ಬಿಡುವ ಗಿಡಗಳಿಗೆ ಇನ್ನಷ್ಟು ಬೇಕು. 1000 ಲೀಟರಿನಲ್ಲಿ 20 ಕಿಲೋ ಮೀನಿನವರೆಗೂ ಸಾಕುವವರಿದ್ದಾರೆ, ಆದರೆ ಬಿಸಿ ಹವೆ, ಕೈಕೊಡುವ ವಿದ್ಯುತ್ತು, ಹೊಸ ಕೈ ಈ ಮೂರೂ ಸೇರಿರುವಾಗ 10 ಕಿಲೋ ಮೀರದಿರುವುದು ಒಳಿತು. ಬೆಳೆಯುವ ಮೀನಿಗೆ ತೂಕದ ಶೇಕಡಾ 1ರಿಂದ 2ರಷ್ಟು ಆಹಾರ ಎಂದರೆ ದಿನಕ್ಕೆ 100ರಿಂದ 200 ಗ್ರಾಂ ಆಯಿತು. ಅದಕ್ಕೆ 2ರಿಂದ 4 ಚದರ ಮೀಟರ್ ಮಡಿ ಹೊಂದುತ್ತದೆ.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. 3 ಚದರ ಮೀಟರ್ ಮಡಿಗೆ 30 ಸೆಂಟಿಮೀಟರ್ ಆಳಕ್ಕೆ ಜಲ್ಲಿ ತುಂಬಿದರೆ ಸಂದುಗಳೇ ಸುಮಾರು ಶೇಕಡಾ 40ರಷ್ಟಿರುತ್ತವೆ; ಎಲ್ಲ ಮಡಿಗಳೂ ಒಮ್ಮೆಗೇ ತುಂಬಿದಾಗ ಮುನ್ನೂರು, ಮುನ್ನೂರೈವತ್ತು ಲೀಟರ್ ನೀರು ತೊಟ್ಟಿಯಿಂದ ಮೇಲೆ ಹೋಗಿರುತ್ತದೆ. ಉಳಿದ ಕಡಿಮೆ ನೀರು ಬೇಗ ಕಾಯುತ್ತದೆ, ಮೀನೂ ಇಕ್ಕಟ್ಟಿಗೆ ಸಿಲುಕುತ್ತದೆ. ನೆಲಮಟ್ಟಕ್ಕಿಂತ ಕೆಳಗೆ ಇನ್ನೊಂದು ಸಣ್ಣ ಸಂಗ್ರಹ ತೊಟ್ಟಿಯನ್ನು ಸೇರಿಸಿದರೆ ಮೀನುತೊಟ್ಟಿಯ ಮಟ್ಟ ಏರಿಳಿಯುವುದಿಲ್ಲ, ನೆಲದ ತಂಪೂ ನೀರಿಗೆ ದೊರೆಯುತ್ತದೆ.

ಮೀನಿನ ವಿಷಯದಲ್ಲಿ ತಿಲಾಪಿಯಾ ಸಾಕಲು ಅನೇಕ ಕಡೆ ಅನುಮತಿ ಬೇಕು, ಕೆಲವು ಕಡೆ ನಿಷೇಧವೇ ಇದೆ. ನಿಮ್ಮಲ್ಲಿ ನಿಯಮ ಏನೆಂದು ಮೊದಲು ವಿಚಾರಿಸಿ. ಸಾಮಾನ್ಯ ಗೆಂಡೆಯೂ ಬೆಚ್ಚಗಿನ ನೀರಿಗೆ ಒಗ್ಗುತ್ತದೆ. ಟ್ರೌಟ್ ತಂಪು ನೀರಿನ ಮೀನು, ಅದರ ಯೋಚನೆ ಬೇಡ.

ಉತ್ತರ 2

ಮೇಲಿನವರು ಆಮ್ಲಜನಕದ ಬಗ್ಗೆ ಹೇಳಿದ್ದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಮೊದಲ ಬೇಸಗೆಯಲ್ಲಿ ನನ್ನ ತೊಟ್ಟಿಯ ಮೇಲೆ ನೆರಳಿರಲಿಲ್ಲ, ನೀರು ಪಾಚಿಗಟ್ಟಿ ಹಸಿರಾಗಿತ್ತು. ಹಗಲಿನಲ್ಲಿ ಮೀನುಗಳು ಲವಲವಿಕೆಯಿಂದಲೇ ಇದ್ದವು. ಒಂದು ರಾತ್ರಿ ವಿದ್ಯುತ್ತು ಹೋಗಿ, ನಾನು ಬೆಳಗಿನ ಜಾವ ಎದ್ದು ನೋಡುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮೀನುಗಳು ಸತ್ತು ತೇಲುತ್ತಿದ್ದವು, ಉಳಿದವು ನೀರಿನ ಮೇಲ್ಮೈಗೆ ಬಾಯಿ ತಂದು ಗಾಳಿಗಾಗಿ ತವಕಿಸುತ್ತಿದ್ದವು. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಬಳಸಿಕೊಳ್ಳುತ್ತದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಆ ದೃಶ್ಯ ಇಂದಿಗೂ ನನ್ನ ಮನಸ್ಸನ್ನು ಬಿಟ್ಟಿಲ್ಲ. ನೀರನ್ನು ಅಳೆಯುವುದಿದ್ದರೆ ಸೂರ್ಯೋದಯಕ್ಕೆ ಮುಂಚೆ ಅಳೆಯಿರಿ. ಆಮ್ಲಜನಕ ದಿನದಲ್ಲಿ ಅತ್ಯಂತ ಕಡಿಮೆಯಿರುವ ಹೊತ್ತು ಅದೇ.

ಅಮೋನಿಯಾದ ಅಪಾಯವೂ ಬಿಸಿ ನೀರಿನಲ್ಲಿ ಹೆಚ್ಚು. ಪರೀಕ್ಷೆಯಲ್ಲಿ ಕಾಣುವ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಪಾಲು 30 ಡಿಗ್ರಿಯಲ್ಲಿ, ಪಿಹೆಚ್ (ನೀರಿನ ಆಮ್ಲೀಯತೆ, ಕ್ಷಾರೀಯತೆಯ ಅಳತೆ) 7 ಇದ್ದಾಗ ಶೇಕಡಾ 1ಕ್ಕಿಂತ ಕಡಿಮೆ. ಪಿಹೆಚ್ 8 ಆದರೆ ಅದೇ ಪಾಲು ಶೇಕಡಾ 7 ದಾಟುತ್ತದೆ. ಆದ್ದರಿಂದ ಪಿಹೆಚ್ಚನ್ನು 7ರ ಸಮೀಪದಲ್ಲೇ ಇರಿಸಿಕೊಳ್ಳುವುದು ಗಿಡಕ್ಕೂ ಮೀನಿಗೂ ಒಳ್ಳೆಯದು. ವ್ಯವಸ್ಥೆ ಹಳತಾದಂತೆ ಪಿಹೆಚ್ ತಾನಾಗಿಯೇ ಇಳಿಯತೊಡಗುತ್ತದೆ, ಏಕೆಂದರೆ ಬ್ಯಾಕ್ಟೀರಿಯಾಗಳ ಕೆಲಸವೇ ನೀರನ್ನು ಆಮ್ಲೀಯಗೊಳಿಸುತ್ತದೆ. ಆಗ ಸುಣ್ಣವನ್ನು ಬಹಳ ಸ್ವಲ್ಪ ಸ್ವಲ್ಪವಾಗಿ, ಹಲವು ದಿನಗಳಲ್ಲಿ ಸೇರಿಸಬೇಕು. ಒಂದೇ ದಿನ ಸರಿಪಡಿಸಲು ಹೋದರೆ ಮೀನು ತಡೆಯುವುದಿಲ್ಲ.

ಉತ್ತರ 3

ಗಿಡಗಳ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಲೆಟ್ಯೂಸ್ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಬಿಸಿಲೇರಿದಾಗ ಅದು ಎಳೆಯದರಲ್ಲೇ ಹೂದಂಟು ಬಿಟ್ಟು ಕಹಿಯಾಗುತ್ತದೆ, ಬಿಸಿ ನೀರಿನಲ್ಲಿ ಬೇರು ಕೊಳೆಯುವ ರೋಗವೂ ಬೇಗ ತಗಲುತ್ತದೆ. ಹರಿವೆ, ಬಸಳೆ, ಕಾಮಕಸ್ತೂರಿ ಬಿಸಿಗೆ ಹಿಗ್ಗಿ ಬೆಳೆಯುತ್ತವೆ. ವ್ಯವಸ್ಥೆ ಪಕ್ವವಾಗಿ ಕೆಲವು ತಿಂಗಳಾದ ಮೇಲೆ ಬೆಂಡೆ, ಬದನೆಯನ್ನೂ ಪ್ರಯತ್ನಿಸಬಹುದು.

ಮೀನುತೊಟ್ಟಿಗೆ ಪೂರ್ಣ ನೆರಳು ಬೇಕು, ಮಡಿಗಳಿಗೆ ಬೇಡ. ಮಡಿಗಳ ಮೇಲೆ ಬಿಸಿಲಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟನ್ನು ತಡೆಯುವ ನೆರಳುಬಲೆಯನ್ನು ಬೇಸಗೆಯಲ್ಲಿ ಮಾತ್ರ ಕಟ್ಟಿ, ಮೋಡದ ದಿನಗಳಲ್ಲಿ ತೆಗೆಯಿರಿ. ಜಲ್ಲಿಯ ಮೇಲಿನ 5 ಸೆಂಟಿಮೀಟರ್ ಯಾವಾಗಲೂ ಒಣಗಿಯೇ ಇರುವಂತೆ ನೀರಿನ ಮಟ್ಟವನ್ನು ಹೊಂದಿಸಿದರೆ ಪಾಚಿ ಕಟ್ಟುವುದಿಲ್ಲ, ನೀರು ಆವಿಯಾಗುವುದೂ ತಗ್ಗುತ್ತದೆ. ಹಾಗಿದ್ದರೂ ನೀರು ಕಡಿಮೆಯಾಗುತ್ತಲೇ ಇರುತ್ತದೆ. ನಲ್ಲಿ ನೀರನ್ನು ನೇರವಾಗಿ ಸುರಿಯದೆ, ಬೇರೆ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಸೇರಿಸಿ. ನೀರಿಗೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿ ಆದ, ಬೇಗ ಆರಿಹೋಗದ ರಾಸಾಯನಿಕ) ಬೆರೆಸುವ ಊರಾದರೆ ತೆರೆದಿಡುವುದರಿಂದ ಪ್ರಯೋಜನವಿಲ್ಲ, ಅದಕ್ಕೆ ತಕ್ಕ ಶೋಧಕವೇ ಬೇಕು.

ಎಳೆಯ ಎಲೆಗಳ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಮೀನಿನ ಆಹಾರದಲ್ಲಿ ಗಿಡಕ್ಕೆ ಸಾಕಾಗುವಷ್ಟು ಕಬ್ಬಿಣ ಇರುವುದಿಲ್ಲವಾದ್ದರಿಂದ ಚೀಲೇಟೆಡ್ ಕಬ್ಬಿಣವನ್ನು (ನೀರಿನಲ್ಲಿ ಕರಗಿಯೇ ಉಳಿದು ಗಿಡಕ್ಕೆ ದಕ್ಕುವ ರೂಪದ ಕಬ್ಬಿಣ) ಹೊರಗಿನಿಂದ ಕೊಡಬೇಕಾಗುತ್ತದೆ. ಕೀಟನಾಶಕಗಳ ಮಾತೇ ಬೇಡ. ಬೇವಿನೆಣ್ಣೆ ಸಸ್ಯಮೂಲದ್ದೆಂದು ಧೈರ್ಯ ಮಾಡಬೇಡಿ, ನೀರಿಗೆ ಬಿದ್ದರೆ ಅದೂ ಮೀನಿಗೆ ಕೆಡುಕು ಮಾಡುತ್ತದೆ. ತಾಮ್ರ ಸೇರಿದ ಶಿಲೀಂಧ್ರನಾಶಕವಂತೂ ಇನ್ನೂ ಅಪಾಯಕಾರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. 10 ಕಿಲೋ ಮಿತಿಯನ್ನೂ ಬ್ಯಾಟರಿಯ ಏರ್ ಪಂಪನ್ನೂ ಒಪ್ಪಿಕೊಂಡಿದ್ದೇನೆ. ಎರಡು ಸಂದೇಹ ಉಳಿದಿವೆ. ಕಟ್ಟಡದ ಕೆಲಸದಲ್ಲಿ ಉಳಿದ ಜಲ್ಲಿ ನನ್ನಲ್ಲಿದೆ, ಅದನ್ನೇ ಬಳಸಬಹುದೇ? ತೊಟ್ಟಿ ತುಂಬಿದ ಎಷ್ಟು ದಿನಕ್ಕೆ ಮೀನು ಬಿಡಬಹುದು?

ಉತ್ತರ 1 ಬರೆದವರಿಂದ

ಹಿಡಿ ಜಲ್ಲಿಯನ್ನು ತೊಳೆದು ಒಣಗಿಸಿ, ಅದರ ಮೇಲೆ ವಿನೆಗರ್ ಸುರಿಯಿರಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಕಲ್ಲಿದೆ ಎಂದರ್ಥ. ಅಂಥ ಜಲ್ಲಿ ಪಿಹೆಚ್ಚನ್ನು ಏರಿಸುತ್ತಲೇ ಇರುತ್ತದೆ, ಬಿಸಿ ನೀರಿನಲ್ಲಿ ಅದರ ಪರಿಣಾಮವೇನೆಂದು ಎರಡನೆಯ ಉತ್ತರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಗುಳ್ಳೆ ಏಳದಿದ್ದರೆ, ಸಿಮೆಂಟಿನ ಚೂರುಗಳನ್ನು ಆರಿಸಿ ತೆಗೆದು, ತೊಳೆದ ನೀರು ತಿಳಿಯಾಗುವವರೆಗೆ ತೊಳೆದು ಬಳಸಿ.

ಮೀನು ಬಿಡುವುದನ್ನು ದಿನದ ಲೆಕ್ಕದಲ್ಲಿ ನಿರ್ಧರಿಸಬೇಡಿ. ಮೀನಿಲ್ಲದ ತೊಟ್ಟಿಗೆ ಶುದ್ಧ ಅಮೋನಿಯಾವನ್ನು ಸ್ವಲ್ಪ ಸೇರಿಸಿ, ಪಂಪು ನಡೆಸುತ್ತ, ಒಂದೆರಡು ದಿನಕ್ಕೊಮ್ಮೆ ಪರೀಕ್ಷಿಸುತ್ತ ಹೋಗಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಇದಕ್ಕೆ 3ರಿಂದ 6 ವಾರ ಹಿಡಿಯುತ್ತದೆ. ನಿಮ್ಮ ಹವೆಯಲ್ಲಿ ಬೇಗನೆ ಮುಗಿಯುವ ಸಂಭವವೇ ಹೆಚ್ಚು. ಹೊಸದಾಗಿ ಸೇರಿಸಿದ ಅಮೋನಿಯಾ ಒಂದು ದಿನದೊಳಗೆ ಇಲ್ಲವಾಗಿ, ನೈಟ್ರೈಟೂ ಶೂನ್ಯಕ್ಕೆ ಬಂದಿದೆ ಎಂದು ಕಂಡುಬಂದ ಮೇಲೆ ಉದ್ದೇಶಿಸಿದ ಮೀನಿನ ಅರ್ಧದಷ್ಟನ್ನು ಮಾತ್ರ ಬಿಡಿ, ಅದೂ ಸಂಜೆಯ ತಂಪಿನಲ್ಲಿ. ಮರಿಗಳಿರುವ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಬಿಟ್ಟು, ಎರಡೂ ನೀರಿನ ಉಷ್ಣಾಂಶ ಸಮವಾದ ಬಳಿಕ ಚೀಲದ ಬಾಯಿ ಬಿಚ್ಚಿ.