ಕಬ್ಬಿಣದ ಉಲ್ಕಾಶಿಲೆಗೆ ತುಕ್ಕು, ಏನು ಮಾಡಲಿ?

ಪ್ರಶ್ನೆ: ಕಾಂಪೊ ಡೆಲ್ ಸಿಯೆಲೊ ಉಲ್ಕಾಶಿಲೆಯ ಸಣ್ಣ ತುಂಡೊಂದು ಇದೆ. ಪೈರೈಟ್ (ಕಬ್ಬಿಣ-ಗಂಧಕದ ಖನಿಜ), ಕ್ವಾರ್ಟ್ಜ್ (ಬೆಣಚುಕಲ್ಲು) ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಂಚಿನಲ್ಲಿ ತುಕ್ಕು ಕಾಣಿಸುತ್ತಿದೆ. ನೀರಲ್ಲಿ ತೊಳೆಯಬಹುದಾ?

ಉತ್ತರ 1: ನೀರು ಬೇಡವೇ ಬೇಡ! ಅರ್ಜೆಂಟೀನಾದ ಈ ಕಬ್ಬಿಣ ತುಕ್ಕಿಗೆ ಹೆಸರುವಾಸಿ, ಸಾವಿರಾರು ವರ್ಷ ಮಣ್ಣಲ್ಲಿ ಬಿದ್ದಿದ್ದು ಅಲ್ವಾ, ಬಿರುಕುಗಳಲ್ಲಿ ಕ್ಲೋರೈಡ್ (ಉಪ್ಪಿನ ಅಂಶ) ಸೇರಿಕೊಂಡಿರುತ್ತದೆ, ಸ್ವಲ್ಪ ತೇವ ಸಿಕ್ಕರೂ ಸಾಕು ಶುರುವಾಗುತ್ತದೆ. ನೈಲಾನ್ ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಉತ್ತರ 2: ಮೊದಲು ಪೈರೈಟ್ ಬೇರೆ ಮಾಡಿ. ತೇವಕ್ಕೆ ಅದು ಹಾಳಾದರೆ ಆಮ್ಲ ಬಿಡುತ್ತದೆ, ಹೆಸರಿನ ಚೀಟಿಯನ್ನೂ ತಿಂದು ಹಾಕುತ್ತದೆ. ಕ್ವಾರ್ಟ್ಜ್‌ಗೆ ಏನೂ ಆಗಲ್ಲ ಬಿಡಿ.

ಪ್ರಶ್ನೆ ಕೇಳಿದವರು: ಬರಿಗೈಲಿ ಮುಟ್ಟಬಹುದಾ?

ಉತ್ತರ 1: ಸುಮ್ನೆ ಯಾಕೆ? ಬೆವರಲ್ಲೂ ಉಪ್ಪಿದೆ. ಗ್ಲೌಸ್ ಹಾಕಿ.